ಗೋಕಟ್ಟೆಯ ಬದುವಿನಲ್ಲಿ ಹೂತಿಟ್ಟ ಬಟ್ಟೆ

ಹೋದ ವಾರ ಸಂತೇಬೆನ್ನೂರಿನ ಸಂತೆಗೆ ಹೊರಟಿದ್ದೆ. ಊರ ಹೊರಗೆ ಯಾರದೋ ಕಣದಲ್ಲಿ ಅಡಿಕೆ ಬೇಯುತ್ತಿತ್ತು. ಹಂಡೆಯ ಒಗರು ವಾಸನೆ ಬಸ್ಸಿನೊಳಗೆ ನುಗ್ಗಿದ್ದೇ ತಡ, ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಅಡಿಕೆ ಬೇಯಿಸಿದ ನೀರು ಕುದಿಕುದಿದು ಗಟ್ಟಿಯಾದರೆ ಅದಕ್ಕೆ ಚೊಗರು ಅನ್ನುತ್ತಾರೆ. ಕೆಂಪಡಿಕೆಗೆ ಬಣ್ಣ ಕೊಡುವುದು ಅದೇ. ಬಟ್ಟೆಗೆ ತಾಗಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಚನ್ನಗಿರಿ ಕಡೆಯ ಯಾವ ಮಗುವಿಗೂ ಆ ಕಲೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಕಲೆಯನ್ನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಕ್ತ ಅಂದುಕೊಂಡರು. ಏನೂ ಮಾಡದ ಒಬ್ಬ ಹೆಂಗಸಿನ ಸಂಸಾರ ಅದರಿಂದ ಮುರಿದು ಬೀಳುವುದರಲ್ಲಿತ್ತು. ಸಂತೆಯಲ್ಲಿ ಏನು ಕೊಳ್ಳಲು ಹೋಗಿದ್ದೆ ಅನ್ನುವುದೇ ಮರೆತು, ಆ ವರ್ಷದ ಸುಗ್ಗಿಯನ್ನು ನೆನೆಯುತ್ತ ಊರು ದಾಟಿ ಮುಂದಿನ ನಿಲ್ದಾಣದಲ್ಲಿ ಇಳಿದೆ.

ನನ್ನದು ಚನ್ನಗಿರಿಯಲ್ಲಿ ಒಂದು ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಯುವುದು ಹೊಟ್ಟೆಪಾಡು, ಕೌದಿ ಹೊಲಿಯುವುದು ಹುಚ್ಚು. ಹಾಸಿ ಹೊದೆಯುವ ಕೌದಿಯಲ್ಲ, ಗೋಡೆಗೆ ತೂಗುಹಾಕುವಂಥದ್ದು. ಚೂರು ಬಟ್ಟೆಗಳನ್ನು ಕೂಡಿಸಿ ಹೊಲ, ಮೋಡ, ಹಕ್ಕಿಯ ಗೂಡು ಏನೇನೋ ಮಾಡುತ್ತಿದ್ದೆ. ಆ ವರ್ಷ ಮಾತ್ರ ಕೈ ಕಟ್ಟಿಹೋಗಿತ್ತು. ಏನು ಹೊಲಿದರೂ ಹಿಂದೆ ಹೊಲಿದದ್ದೇ ಮತ್ತೆ ಬರುತ್ತಿತ್ತು. ಸಿಟ್ಟು ಬಂದು ಅರ್ಧ ಹೊಲಿದದ್ದನ್ನು ಬಿಚ್ಚಿ ಎಸೆಯುತ್ತಿದ್ದೆ.

ಅದನ್ನು ನೋಡಿದ್ದು ನನ್ನ ನಾದಿನಿ ಸುಮ. ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮದುವೆ ಬೇಡ ಅಂದು ಗಟ್ಟಿಯಾಗಿ ನಿಂತವಳು. ಅವಳ ಹತ್ತಿರ ಒಂದು ಹಳೇ ವ್ಯಾನು, ಇಬ್ಬರು ಮಲಗುವ ಟೆಂಟು, ಎಲ್ಲಿ ಬೇಕಾದರೂ ಟೀ ಕಾಯಿಸುವ ಸಣ್ಣ ಸ್ಟೌವ್ ಇದ್ದವು.

"ಅತ್ತಿಗೆ, ನಾಲ್ಕು ಗೋಡೆ ನೋಡ್ಕಂಡು ಹೊಲಿದ್ರೆ ಗೋಡೆನೇ ಬರ್ತೈತೆ. ಶನಿವಾರ ರೆಡಿಯಾಗಿರಿ. ಹೊಳೆ ದಂಡೇಲಿ ಟೆಂಟ್ ಹಾಕಾನ."

ನಾನು ಅನುಮಾನದ ಪ್ರಾಣಿ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಅಂದುಕೊಳ್ಳುವವಳು. ನಾನು ತೀರ್ಥವನ್ನೂ ಮೂಸಿ ಕುಡಿಯುತ್ತೇನೆ ಅಂತ ನಮ್ಮ ಮನೆಯವರು ಆಡಿಕೊಳ್ಳುತ್ತಾರೆ. ಸುಮಳಿಗೆ ಇದ್ದಕ್ಕಿದ್ದಂತೆ ನನ್ನ ಹೊಲಿಗೆಯ ಮೇಲೆ ಇಷ್ಟು ಕಾಳಜಿ ಯಾಕೆ? ನನ್ನನ್ನು ಆಚೆ ಕಳಿಸಿ ಅಣ್ಣ ತಂಗಿ ಸೇರಿ ನನ್ನ ಹಳೇ ಮಿಷನ್ ಗುಜರಿಗೆ ಹಾಕುವ ಹುನ್ನಾರ ಇರಬೇಕು ಅನ್ನಿಸಿತು. ಹೊರಡುವ ಮುಂಚೆ ಮಿಷನ್ನಿನ ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಬ್ಲೌಸಿನೊಳಗೆ ಸಿಕ್ಕಿಸಿಕೊಂಡೇ ವ್ಯಾನ್ ಹತ್ತಿದೆ.

ಮೊದಲು ಹೋದದ್ದು ನ್ಯಾಮತಿ ತಾಲ್ಲೂಕಿನ ಗೋವಿನಕೋವಿಗೆ. ದಸರಾ ಮುಗಿದಿತ್ತು. ತುಂಗಭದ್ರೆ ಇಳಿದು ದಂಡೆಯ ಮೇಲೆ ಹಸಿ ಮೆಕ್ಕಲು ಬಿಟ್ಟಿದ್ದಳು. ಟೆಂಟು ಎತ್ತರಕ್ಕೆ ನಿಂತದ್ದೇ ಊರಿನ ಕಣ್ಣೆಲ್ಲ ನಮ್ಮ ಮೇಲೆ ಬಿತ್ತು. ಕಳ್ಳ ಮರಳು ತುಂಬಲು ಹೊಳೆಗೆ ಇಳಿಯುತ್ತಿದ್ದ ಒಂದು ಟ್ರ್ಯಾಕ್ಟರ್ ನಮ್ಮನ್ನು ನೋಡಿ ನಿಂತು, ಹಾಗೇ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಬೈಕಿನಲ್ಲಿ ಒಬ್ಬರು ಬಂದರು.

"ಮೇಡಂ, ತಾವು ಯಾವ್ ಇಲಾಖೆ?"

"ಶಿಕ್ಷಣ ಇಲಾಖೆ," ಅಂದಳು ಸುಮ.

"ಶಿಕ್ಷಣ ಇಲಾಖೆಯೋರು ಹೊಳೆ ದಂಡೇಲಿ ಏನ್ ಮಾಡಾಕೆ ಬಂದೀರಿ?"

"ಡಿಸೈನ್ ನೋಡಾಕೆ."

ಆ ಮನುಷ್ಯ ನಂಬಲಿಲ್ಲ. ನಂಬುವ ಮಾತೂ ಅಲ್ಲ ಬಿಡಿ. ಬೆಳಿಗ್ಗೆ ಅವರೇ ಒಂದು ಕ್ಯಾನು ಮಜ್ಜಿಗೆ, ಒಂದು ಪೊಟ್ಟಣ ಮಂಡಕ್ಕಿ ತಂದುಕೊಟ್ಟು ಕೈಮುಗಿದು ಹೋದರು. ಸುಮ ಗಟಗಟ ಕುಡಿದಳು. ನಾನು ಮೂಸಿ ನೋಡಿ ಕೆಳಗಿಟ್ಟೆ.

ಟೆಂಟಿನ ಬಾಗಿಲಿಗೆ ಕಾಲು ಒರೆಸಲು ಒಂದು ಹಳೇ ಟವೆಲ್ ಹಾಕಿದ್ದೆವು. ಪಕ್ಕದ ಮನೆಯವರ ಅಡಿಕೆ ಹಂಡೆಯ ಹತ್ತಿರ ಕೈ ಒರೆಸಿ ಒರೆಸಿ ಪೂರ್ತಿ ಚೊಗರಾಗಿದ್ದ ಟವೆಲ್ಲು ಅದು. ಬೆಳಿಗ್ಗೆ ಎತ್ತಿ ನೋಡಿದರೆ ಮೆಕ್ಕಲಿಗೆ ತಾಗಿದ ಭಾಗವೆಲ್ಲ ಕಪ್ಪಗಾಗಿತ್ತು. ನಡುವೆ ಹುಲ್ಲಿನ ಗರಿ ಸಿಕ್ಕಿಕೊಂಡ ಕಡೆ ಮಾತ್ರ ಕೆಂಪು ಗೆರೆಗಳು ಉಳಿದಿದ್ದವು. ಸುಮ ವ್ಯಾನಿನ ಆಯಿಲ್ ಚೆಲ್ಲಿರಬೇಕೆಂದು ಮೊದಲು ಅವಳನ್ನು ಗದರಿದೆ. ಆಮೇಲೆ ಹೊಳೆಯ ನೀರಿನಲ್ಲಿ ಅಲುಬಿದೆ, ಕಲ್ಲಿಗೆ ಉಜ್ಜಿದೆ. ಕಪ್ಪು ಹೋಗಲಿಲ್ಲ, ಕೆಂಪೂ ಹೋಗಲಿಲ್ಲ. ಚೊಗರಿನ ಬಟ್ಟೆಗೆ ಮಣ್ಣು ತಾನೇ ಚಿತ್ರ ಬರೆದಿತ್ತು. ದಂಡೆಯ ಮೇಲೆ ಆ ಒದ್ದೆ ಟವೆಲ್ಲನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟೆ. ಎಷ್ಟೋ ತಿಂಗಳ ಮೇಲೆ ನನಗೆ ಖುಷಿಯಾಗಿತ್ತು.

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ಬಿಳಿ ಕಾಟನ್ ಬಟ್ಟೆಯನ್ನು ಚೊಗರಿನಲ್ಲಿ ಅದ್ದಿ ಒಣಗಿಸುವುದು. ಒಳಗೆ ಹುಣಸೆಬೀಜ, ತುಕ್ಕು ಹಿಡಿದ ಮೊಳೆ ಇಟ್ಟು ದಾರದಿಂದ ಬಿಗಿಯಾಗಿ ಗಂಟು ಹಾಕುವುದು. ಮಣ್ಣಿನ ಕಬ್ಬಿಣ ತಾಗಿದಲ್ಲಿ ಚೊಗರು ಕಪ್ಪಾಗುತ್ತದೆ; ಗಂಟಿನೊಳಗೆ ಮಣ್ಣು ಇಳಿಯುವುದಿಲ್ಲ, ಮೊಳೆಯ ತುಕ್ಕು ತಾಗಿದ ಚುಕ್ಕೆ ಬಿಟ್ಟರೆ ಅಲ್ಲಿ ಕೆಂಪು ಉಳಿಯುತ್ತದೆ. ಆಮೇಲೆ ಒಂದೊಂದು ಕಡೆಯ ಹಸಿ ಮಣ್ಣಿನಲ್ಲಿ ಹೂತಿಟ್ಟು ವಾರ ಬಿಟ್ಟು ತೆಗೆಯುವುದು. ನ್ಯಾಮತಿ ಕಡೆಯ ಹೊಲದ ಮಣ್ಣು ಬೂದಿ ಬಣ್ಣ ಕೊಟ್ಟಿತು. ಹೊನ್ನಾಳಿಯ ಗದ್ದೆಯ ಕೆಸರು ಕಾಗೆಯ ರೆಕ್ಕೆಯಂಥ ಕಪ್ಪು ಕೊಟ್ಟಿತು. ಎಲ್ಲ ಮಣ್ಣಿನ ತುಂಡುಗಳನ್ನೂ ಸೇರಿಸಿ ಒಂದು ದೊಡ್ಡ ಕೌದಿ ಮಾಡುವ ಆಸೆ ಹುಟ್ಟಿತು.

ಹೋದಲ್ಲೆಲ್ಲ ಜನ ಅನುಮಾನಪಟ್ಟರು. ನಮ್ಮ ಚನ್ನಗಿರಿಯ ಗುಡ್ಡದ ಬುಡದಲ್ಲಿ ಸಣ್ಣ ಸನಿಕೆ ಹಿಡಿದು ಕೂತದ್ದನ್ನು ಯಾರೋ ನೋಡಿದ್ದರು. ಮಾರನೇ ದಿನ ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದಳು.

"ಅಕ್ಕಾ, ನಿಧಿ ತೆಗೆಯಾಕೆ ಹೋಗಿದ್ರಂತೆ. ಏನಾದ್ರೂ ಸಿಕ್ತಾ?"

"ಸಿಕ್ಕಿದ್ರೆ ನಿನ್ನ ಬ್ಲೌಸ್ ಹೊಲಿಯಾಕೆ ಇಲ್ಲಿ ಕೂತಿರ್ತಿದ್ನೇನೇ?"

ಅವಳು ನಕ್ಕಳು. ಆದರೆ ಹೋಗುವಾಗ ಅಂಗಡಿಯ ಮೂಲೆಮೂಲೆಗೂ ಕಣ್ಣು ಹಾಯಿಸಿಯೇ ಹೋದಳು. ನಾನು ಅದನ್ನೆಲ್ಲ ತಮಾಷೆಯೆಂದೇ ತಿಳಿದಿದ್ದೆ.

ಜಗಳೂರಿಗೆ ಹೋದದ್ದು ಕೊನೆಗೆ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ನಮ್ಮ ಕಡೆಯ ಹಸಿರು ಕಣ್ಣಿಗೆ ಅಂಟಿಕೊಂಡವಳಿಗೆ ಆ ಬಯಲು ಬೇರೆಯೇ ದೇಶ ಅನ್ನಿಸಿತು. ಮೆಕ್ಕೆಜೋಳ ಮುರಿದು ಬರಿದಾದ ಹೊಲಗಳು, ದೂರದ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು, ಎಲ್ಲಕ್ಕಿಂತ ದೊಡ್ಡದಾದ ಆಕಾಶ. ದನಗಳು ನೀರು ಕುಡಿಯುವ ಗೋಕಟ್ಟೆಯಲ್ಲಿ ಆ ವರ್ಷ ಇನ್ನೂ ನೀರಿತ್ತು. ಅದರ ಪಕ್ಕದಲ್ಲೇ ಟೆಂಟು ಹಾಕಿದೆವು.

ಎರಡು ಹಸು ಹೊಡೆದುಕೊಂಡು ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಗಟ್ಟಿ ಮೈಕಟ್ಟು. ದೂರದಲ್ಲೇ ನಿಂತು ನಮ್ಮನ್ನು ಅಳೆದಳು.

"ಫ್ಯಾನಿನೋರಾ? ಜಾಗ ನೋಡಾಕೆ ಬಂದೀರಾ?"

ಗಾಳಿಯಂತ್ರದ ಕಂಪನಿಯವರೆಂದು ತಿಳಿದಿದ್ದಳು. ಅಲ್ಲ ಎಂದು ಹೇಳಿ ನನ್ನ ಕೌದಿಯ ತುಂಡುಗಳನ್ನು ಬಿಡಿಸಿ ತೋರಿಸಿದೆ. ಕೈಯನ್ನು ಸೀರೆಗೆ ಒರೆಸಿಕೊಂಡು ಮುಟ್ಟಿದಳು. ಹೆಸರು ಮಾರಕ್ಕ ಅಂದಳು. ನಾನು ಹೂಳಲು ಇಟ್ಟುಕೊಂಡಿದ್ದ ಗಂಟು ದೊಡ್ಡದು. ನನ್ನ ಕೌದಿಯ ನಡುವೆ ಬರಬೇಕಾದ ತುಂಡು ಅದು. ಗೋಕಟ್ಟೆಯ ಅಂಚಿನಲ್ಲಿ ಅಗೆಯಲು ಕೂತಾಗ ಅವಳೇ ತಡೆದಳು.

"ಇಲ್ಲಿ ಬ್ಯಾಡ್ರಿ ಅಕ್ಕಾರೆ, ದನ ತುಳಿದು ಹರೀತಾವೆ. ಅಕಾ ನೋಡ್ರಿ, ಆ ಬದ ನಮ್ದೇ. ಅಲ್ಲಿ ನೀರು ಜಿನುಗ್ತೈತೆ, ಜೇಡಿ ಭಾಳ ಕರ್ರಗೈತೆ. ಅಲ್ಲಿ ಹೂಳ್ರಿ."

ಅವಳೇ ಗುದ್ದಲಿ ತಂದು ಅಗೆದುಕೊಟ್ಟಳು. ಮೇಲೆ ಮಣ್ಣು ಮುಚ್ಚಿ, ಯಾವಾಗ ತೆಗೀತೀರಿ ಅಂತ ಕೇಳಿದಳು. ಮುಂದಿನ ಭಾನುವಾರ ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗುರುತಿಲ್ಲದ ಹೆಂಗಸು ಇಷ್ಟು ಉಪಕಾರ ಯಾಕೆ ಮಾಡುತ್ತಾಳೆ? ಯಾವಾಗ ತೆಗೆಯುತ್ತೇವೆಂದು ಕೇಳಿದ್ದು ಯಾಕೆ? ವಾರವಿಡೀ ಬ್ಲೌಸಿಗೆ ಕಾಜ ಹೊಲಿಯುತ್ತ ಅದನ್ನೇ ಯೋಚಿಸಿದೆ.

ಭಾನುವಾರ ಹೋಗಿ ನೋಡಿದರೆ ಬದುವಿನಲ್ಲಿ ಗುಂಡಿ ಬಾಯಿ ತೆರೆದುಕೊಂಡಿತ್ತು. ಗಂಟು ಇರಲಿಲ್ಲ.

"ನೋಡಿದ್ಯಾ? ಅವಳೇ! ಆ ದಿನಾನೇ ನಂಗೆ ಅನ್ನಿಸಿತ್ತು," ಅಂತ ಸುಮಳ ಮುಂದೆ ಕೂಗಾಡಿದೆ.

"ಮಣ್ಣಾಗಿನ ಬಟ್ಟೆ ಕದ್ದು ಅವಳೇನ್ ಮಾಡ್ತಾಳೆ ಅತ್ತಿಗೆ? ನಡೀರಿ, ಕೇಳಾನ," ಅಂದಳು ಸುಮ.

ಮಾರಕ್ಕನ ಮನೆ ಎಲ್ಲಿ ಅಂತ ಕೇಳಿದಾಗ ದಾರಿ ಹೇಳಿದವರು ನಮ್ಮ ಮುಖವನ್ನು ವಿಚಿತ್ರವಾಗಿ ನೋಡಿದರು. ಮನೆಯ ಅಂಗಳದಲ್ಲಿ ಜನ ಸೇರಿದ್ದರು. ನಡುವೆ ಬೂದಿಯ ಗೆರೆ ಎಳೆದಿದ್ದರು. ಗೆರೆಯೊಳಗೆ ಬೇವಿನ ಸೊಪ್ಪಿನ ಮೇಲೆ ನನ್ನ ಗಂಟು ಕೂತಿತ್ತು. ಒಂದು ಗಂಟು ಬಿಚ್ಚಿಕೊಂಡು ಒಳಗಿನ ಕೆಂಪು ಕಾಣುತ್ತಿತ್ತು, ಮೊಳೆಯ ತುದಿ ಹೊರಬಂದಿತ್ತು. ನನ್ನ ಕೈಯಾರೆ ಕಟ್ಟಿದ್ದೇ ಆದರೂ ಅಲ್ಲಿ ಹಾಗೆ ನೋಡಿದಾಗ ನನಗೂ ಮೈ ಜುಮ್ಮೆಂದಿತು. ಮಾರಕ್ಕ ದನದ ಕೊಟ್ಟಿಗೆಯ ಮುಂದೆ, ಬಟ್ಟೆ ತುಂಬಿದ ಚೀಲ ಪಕ್ಕದಲ್ಲಿಟ್ಟುಕೊಂಡು ಒಬ್ಬಳೇ ಕುಳಿತಿದ್ದಳು. ನಮ್ಮನ್ನು ನೋಡಿ ತಲೆ ತಗ್ಗಿಸಿದಳು.

ಬೇಲಿಯ ಹತ್ತಿರ ನಿಂತಿದ್ದ ನೆರೆಮನೆಯ ಹೆಂಗಸು ನಾವು ಕೇಳದೆಯೇ ಎಲ್ಲ ಹೇಳಿದಳು.

"ಮಾಟ ಮಾಡ್ಸ್ಯಾಳೆ ನೋಡ್ರಿ. ಇವಳಿಗೆ ಮಕ್ಕಳಿಲ್ಲ. ವಾರಗಿತ್ತಿ ರೇಖಂಗೆ ಹೋದ ಸಲ ಕೂಸು ಹೋತು, ಈಗ ಮತ್ತೆ ಏಳು ತಿಂಗಳು. ಅವಳ ಗಂಡ ನೀರು ತಿರುಗ್ಸಾಕೆ ಹೋದಾಗ ಗುದ್ದಲಿಗೆ ಸಿಕ್ತಂತೆ, ರಗತದ ಬಟ್ಟೆ, ಮೊಳೆ ಬಡಿದದ್ದು. ಇವಳು ಆ ಬದಿನಾಗೆ ಅಗೀತಿದ್ದುದನ್ನ ಕುರಿಯೋರು ನೋಡ್ಯಾರೆ. ಅವತ್ತಿಂದ ಇವಳ ಕೈಲಿ ಯಾರೂ ಒಂದು ಗುಟುಕು ನೀರೂ ಕುಡಿದಿಲ್ಲ. ಮಾಡಿದ ಅಡಿಗೆ ದನಕ್ಕೆ ಸುರುವ್ಯಾರೆ. ಗಂಡನೇ ಹೇಳಿ ಕಳ್ಸ್ಯಾನೆ, ಈಗ ಇವಳ ಅಣ್ಣ ಬಂದು ಕರ್ಕಂಡು ಹೋಗ್ತಾನೆ. ಇನ್ನ ಈ ಮನೆ ಹೊಸ್ತಿಲು ಇವಳು ತುಳಿಯಂಗಿಲ್ಲ."

ಕಳ್ಳಿ ಅಂದುಕೊಂಡು ಬಂದವಳಿಗೆ ಅವಳ ಮುಖ ನೋಡಲು ಆಗಲಿಲ್ಲ. ಜನರನ್ನು ಸರಿಸಿಕೊಂಡು ಅಂಗಳಕ್ಕೆ ನುಗ್ಗಿದೆ.

"ಅದು ನಂದು. ನಾನೇ ಕಟ್ಟಿದ್ದು, ನಾನೇ ಹೂತಿದ್ದು. ಬಣ್ಣ ಬರಾಕೆ ಹೂತಿದ್ದು ಅಷ್ಟೇ. ಅದು ರಕ್ತ ಅಲ್ಲ, ಅಡಿಕೆ ಚೊಗರು."

ಜಗುಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಮಾರಕ್ಕನ ಅತ್ತೆ ಓಬಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಅವಳೇ ಕರೆಸಿದ್ಲಾ ನಿನ್ನ, ಹಿಂಗೆ ಹೇಳಾಕೆ?"

ನಾನು ಇನ್ನೊಬ್ಬರನ್ನು ನೋಡುವ ರೀತಿಯಲ್ಲೇ ಅವರು ನನ್ನನ್ನು ನೋಡುತ್ತಿದ್ದರು. ಆ ಕಣ್ಣಿಗೆ ಮಾತಿನಲ್ಲಿ ಉತ್ತರ ಕೊಟ್ಟು ಉಪಯೋಗವಿಲ್ಲವೆಂದು ನನಗೆ ಗೊತ್ತಿತ್ತು. ಸುಮ ವ್ಯಾನಿಗೆ ಓಡಿ ಚೊಗರಿನ ಬಾಟಲಿ ತಂದಳು, ತನ್ನ ಬಿಳಿ ಕರ್ಚೀಫನ್ನೂ ಕೊಟ್ಟಳು. ಎಲ್ಲರ ಎದುರಿಗೆ ಕರ್ಚೀಫಿನ ಮೇಲೆ ಚೊಗರು ಸುರಿದೆ. ಕೆಂಪು ಹರಡಿದಂತೆ ಹಿಂದೆ ನಿಂತಿದ್ದವರು ಅಯ್ಯೋ ಅಂದರು. ಅಂಗಳದ ಮೂಲೆಯಲ್ಲಿ ಕೋಳಿಗಳಿಗೆ ನೀರು ಹಾಕಿಡುವ ತುಕ್ಕು ಹಿಡಿದ ಕಬ್ಬಿಣದ ಬಾಣಲೆಯಿತ್ತು. ಕರ್ಚೀಫನ್ನು ಅದರಲ್ಲಿ ಅದ್ದಿ ಹಿಂಡಿ ಎತ್ತಿದೆ. ಎಲ್ಲರೂ ನೋಡುತ್ತಿದ್ದಂತೆಯೇ ಅದು ಕಪ್ಪಿಟ್ಟಿತು.

ಬಾಟಲಿಯನ್ನು ಓಬಮ್ಮನ ಮುಂದೆ ಹಿಡಿದೆ. ಅವರು ಮೂಸಿದರು. ಬೆರಳು ಅದ್ದಿ, ಸ್ವಲ್ಪ ಹೊತ್ತು ಅನುಮಾನಿಸಿ, ನಾಲಿಗೆಯ ತುದಿಗೆ ಇಟ್ಟುಕೊಂಡರು. ಬಾಯಿಯಲ್ಲಿ ಇದ್ದದ್ದೂ ಅದೇ. ಹುಟ್ಟಿದಾಗಿನಿಂದ ಅಡಿಕೆ ಜಗಿದಿದ್ದರೂ ಅದನ್ನು ಬೇಯಿಸುವುದನ್ನು ಅವರು ಎಂದೂ ಕಂಡಿರಲಿಲ್ಲ.

"ಅಡಿಕೆ ಒಗರೇ," ಅಂದರು, ಯಾರಿಗೂ ಹೇಳಿದಂತಲ್ಲ.

ನಾನು ಬೂದಿಯ ಗೆರೆಯೊಳಗೆ ಕಾಲಿಟ್ಟು ಗಂಟನ್ನು ಎತ್ತಿಕೊಂಡೆ. ಕತ್ತರಿಯಿಂದ ದಾರಗಳನ್ನೆಲ್ಲ ಕತ್ತರಿಸಿ ಬಟ್ಟೆಯನ್ನು ಬಿಡಿಸಿದೆ. ಹುಣಸೆಬೀಜಗಳು ಪಟಪಟ ಉದುರಿದವು. ಕರ್ರಗಿನ ಬಟ್ಟೆಯ ತುಂಬ ಕೆಂಪು ಉಂಗುರಗಳು ಅರಳಿದ್ದವು. ಆ ಬದುವಿನ ಜೇಡಿ ಕೊಟ್ಟಂಥ ಕಪ್ಪು ನನಗೆ ಎಲ್ಲೂ ಸಿಕ್ಕಿಲ್ಲ. ಆ ತುಂಡು ಈಗ ನನ್ನ ದೊಡ್ಡ ಕೌದಿಯ ನಡುವೆ ಇದೆ. ಬಂದವರೆಲ್ಲ ಮೊದಲು ಅದನ್ನೇ ಮುಟ್ಟುತ್ತಾರೆ. ಆ ಹೊತ್ತಿನಲ್ಲಿ ಮಾತ್ರ ಅದರ ಚೆಂದ ನೋಡುವ ಮನಸ್ಸು ಅಂಗಳದಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಜನ ಸಡಿಲವಾದರು. ಯಾರೋ ಮೆಲ್ಲಗೆ ನಕ್ಕರು. ಮುಗಿಯಿತು ಅಂದುಕೊಂಡೆ.

ಓಬಮ್ಮನ ದವಡೆ ನಿಂತಿತು.

"ಆತವ್ವ, ಬಟ್ಟೆ ನಿಂದೇ. ಇಷ್ಟಗಲ ಸೀಮೆ ಐತೆ, ಇಷ್ಟೊಂದು ಹೊಲ ಐತೆ. ನಮ್ ಬದನೇ ನಿಂಗೆ ಹೆಂಗೆ ಗೊತ್ತಾತು? ಯಾರ್ ತೋರ್ಸಿದ್ರು?"

ಅಂಗಳ ಮತ್ತೆ ಬಿಗಿಯಿತು. ನಿಜ ಹೇಳಿದರೆ ಮಾರಕ್ಕನ ಕುತ್ತಿಗೆಗೆ ನಾನೇ ಹಗ್ಗ ಹಾಕಿದಂತೆ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆ ಪ್ರಶ್ನೆ ಕಿವಿಗೆ ಬಿದ್ದ ಕ್ಷಣದಲ್ಲಿ ನನ್ನ ಹಾಳು ಮನಸ್ಸೂ ಅದನ್ನೇ ಕೇಳಿತು. ಹೌದಲ್ಲ, ಬೇರೆ ಜಾಗ ಇರಲಿಲ್ಲವೇ? ಗುದ್ದಲಿ ತಂದು ತಾನೇ ಅಗೆದದ್ದು ಯಾಕೆ?

"ಯಾರೂ ತೋರಿಸಲಿಲ್ಲ," ಅಂದೆ. "ಹಸಿ ಕಂಡ್ತು, ಹೂತ್ವಿ."

"ಸುಳ್ಳು ಹೇಳಬ್ಯಾಡ್ರಿ ಅಕ್ಕಾರೆ."

ಮಾರಕ್ಕ ಎದ್ದು ನಿಂತಿದ್ದಳು. ಅಳುತ್ತಿರಲಿಲ್ಲ.

"ನಾನೇ ತೋರ್ಸಿದ್ದು, ನಾನೇ ಅಗೆದಿದ್ದು. ಗೋಕಟ್ಟೆ ತಾವ ದನ ತುಳೀತಾವೆ ಅಂತ ನಮ್ ಬದಿನಾಗೆ ಹೂಳ್ಸಿದೆ. ಬಟ್ಟೆ ಸಿಕ್ಕ ದಿನ ಬಾಯಿಗೆ ಬಂದಿತ್ತು. ಪ್ಯಾಟೆ ಹೆಂಗಸ್ರು ಬಂದು ಬಣ್ಣಕ್ಕೆ ಅಂತ ಹೂತು ಹೋದ್ರು ಅಂದ್ರೆ ನೀವು ಯಾರು ನಂಬ್ತಿದ್ರಿ? ಅದಕ್ಕೇ ಹೇಳ್ಲಿಲ್ಲ. ಈಗ್ಲೂ ನಂಬಬ್ಯಾಡ್ರಿ. ಅಣ್ಣ ಬರ್ತಾನೆ, ಹೋಗ್ತೀನಿ."

"ನೋಡಿದ್ರಾ, ಅವಳ ಬಾಯಿಂದಲೇ ಬಂತು!" ಅಂದರು ಓಬಮ್ಮ. ಸುತ್ತ ನಿಂತವರು ತಲೆಯಾಡಿಸಿದರು. ನನ್ನ ಚೊಗರು, ಕರ್ಚೀಫು, ಬಾಣಲೆ ಎಲ್ಲ ಒಂದೇ ಮಾತಿನಲ್ಲಿ ನೀರುಪಾಲಾದವು. ನಾನು ಏನೋ ಕೂಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಗ ಒಳಬಾಗಿಲಿನಿಂದ ರೇಖಾ ಹೊರಗೆ ಬಂದಳು. ತೆಳ್ಳನೆ ಹುಡುಗಿ, ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಜಗುಲಿ ಇಳಿದಳು. ದಿನಗಟ್ಟಲೆ ನಿದ್ದೆ ಮಾಡಿಲ್ಲದ ಮುಖ. ಅವಳು ನನ್ನ ಕಡೆಯಾಗಲಿ, ಆ ಬಟ್ಟೆಯ ಕಡೆಯಾಗಲಿ ನೋಡಲಿಲ್ಲ. ಸೀದಾ ಕೊಟ್ಟಿಗೆಯ ಹತ್ತಿರ ಹೋಗಿ ಮಾರಕ್ಕನ ಎದುರಿಗೆ ನಿಂತಳು.

"ಅಕ್ಕಾ, ಬಾಯಾರೈತೆ. ಒಂದು ಚೊಂಬು ನೀರು ಕೊಡು."

"ತಡಿಯೇ, ನಾನ್ ಕೊಡ್ತೀನಿ," ಅಂತ ಓಬಮ್ಮ ಎದ್ದರು.

"ನೀವಲ್ಲ ಅತ್ತೆ. ಹೋದ ಸಲ ಕೂಸು ಹೋದಾಗ ಮೂರು ತಿಂಗಳು ನನ್ನ ಎತ್ತಿ ಕೂರ್ಸಿ ಉಣ್ಣಿಸಿದ್ದು ಅಕ್ಕ. ಅಕ್ಕನೇ ಕೊಡ್ಲಿ."

ಮಾರಕ್ಕ ಅಲ್ಲೇ ನಿಂತಿದ್ದಳು. ರೇಖಾ ಇನ್ನೊಮ್ಮೆ ಕೇಳಿದಳು. ಆಮೇಲೆ ಮಾರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆಯೇ ನಡೆದು, ಬಟ್ಟೆ ಸಿಕ್ಕ ದಿನದಿಂದ ತುಳಿಯದ ಅಡಿಗೆಮನೆಗೆ ಹೋದಳು. ಒಳಗೆ ಕೊಡದ ಮುಚ್ಚಳ ತೆಗೆದ ಸದ್ದು ಹೊರಗೆ ಕೇಳಿಸಿತು. ತುಂಬಿದ ಚೊಂಬು ಎರಡು ಕೈಯಲ್ಲಿ ಹಿಡಿದು ತರುವಾಗ ನೀರು ತುಳುಕಿ ಅವಳ ಕಾಲಿನ ಮೇಲೆ ಬೀಳುತ್ತಿತ್ತು.

ರೇಖಾ ಚೊಂಬನ್ನು ತುಟಿಗೆ ಇಟ್ಟಳು. ಓಬಮ್ಮ ಕಂಬ ಹಿಡಿದುಕೊಂಡು ಅವಳ ಗಂಟಲನ್ನೇ ನೋಡುತ್ತಿದ್ದರು. ಜನರ ನಡುವೆ ನಿಂತಿದ್ದ ರೇಖಾಳ ಗಂಡ ಮುಖ ತಿರುಗಿಸಿಕೊಂಡ. ಬಟ್ಟೆ ನನ್ನದು, ಕಟ್ಟಿದವಳು ನಾನು, ಹೂತವಳು ನಾನು. ಆ ಚೊಂಬಿನಲ್ಲಿ ನೀರಲ್ಲದೆ ಬೇರೇನೂ ಇಲ್ಲವೆಂದು ಆ ಅಂಗಳದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಆದರೂ ರೇಖಾ ಕೊನೆಯ ಗುಟುಕು ನುಂಗಿ, ಚೊಂಬು ಕೆಳಗಿಳಿಸಿ, ಬಾಯಿ ಒರೆಸಿಕೊಂಡು ಮಾರಕ್ಕನ ಭುಜಕ್ಕೆ ಒರಗುವವರೆಗೆ ನಾನೂ ಉಸಿರು ಬಿಟ್ಟಿರಲಿಲ್ಲ.